ಪಲಾವ್ ಎಲೆಯ ಮೇಲೆಯೇ ಹುಳ ಓಡಾಡುತ್ತಿದ್ದರೆ ಏನು ಮಾಡುವುದು?

ಓದುಗರೊಬ್ಬರ ಪ್ರಶ್ನೆ: "ನಾಲ್ಕು ತಿಂಗಳಿಗೆ ಆಗುವಷ್ಟು ಅಕ್ಕಿ, ಗೋಧಿ ಹಿಟ್ಟು, ಕಾಳುಗಳನ್ನು ಒಂದೇ ಸಲ ತಂದಿಡುತ್ತೇವೆ. ಚಿಕ್ಕ ಮಕ್ಕಳಿರುವ ಮನೆ, ಹಾಗಾಗಿ ಔಷಧಿ ಬಳಸುವುದಿಲ್ಲ. ಅಕ್ಕಿಗೆ ಬೇವಿನ ಎಲೆ, ಹಿಟ್ಟಿಗೆ ಪಲಾವ್ ಎಲೆ, ಕಾಳಿಗೆ ಲವಂಗ ಮತ್ತು ಒಣಮೆಣಸಿನಕಾಯಿ ಹಾಕಿಟ್ಟಿದ್ದೆ. ಒಂದೂವರೆ ತಿಂಗಳಾದ ಮೇಲೆ ನೋಡಿದರೆ ಅಕ್ಕಿ ತುಂಬಾ ನುಸಿ. ಹಿಟ್ಟಿನಲ್ಲಿ ಪಲಾವ್ ಎಲೆಯ ಮೇಲೆಯೇ ಕೆಂಪು ಹುಳ ಓಡಾಡುತ್ತಿದ್ದವು. ಕಾಳಿನಲ್ಲಿ ತೂತು. ಕೊನೆಗೆ ಆ ಮೆಣಸಿನಕಾಯಿಯನ್ನೂ ಹುಳ ಕೊರೆದಿತ್ತು! ನಾನು ಎಲೆ ಕಡಿಮೆ ಹಾಕಿದೆನಾ? ಲವಂಗದ ಎಣ್ಣೆ, ನೀಲಗಿರಿ ಎಣ್ಣೆ ತಂದು ಡಬ್ಬದೊಳಗೆ ಹಚ್ಚಿದರೆ ಆಗುತ್ತಾ? ಹುಳ ಬಿದ್ದ ಅಕ್ಕಿಯನ್ನು ಮಕ್ಕಳಿಗೆ ಕೊಡಬಹುದಾ?"

ಉತ್ತರ:

ಮೊದಲಿಗೆ ಒಂದು ಮಾತು. ಇದು ನಿಮ್ಮ ಮನೆ ಗಲೀಜು ಅಂತಲ್ಲ, ನೀವು ಎಲೆ ಕಡಿಮೆ ಹಾಕಿದ್ದರಿಂದಲೂ ಅಲ್ಲ. ಹುಳ ಬಿತ್ತು ಅಂತ ನಾಚಿಕೊಂಡು ಬರೆಯುವವರು ತುಂಬಾ ಜನ. ಸಂಗ್ರಹಿಸಿದ ಧಾನ್ಯದ ಕೀಟಗಳ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನಾನು ಹೇಳಬಲ್ಲೆ, ತೊಳೆದು ಒರೆಸಿ ಹೊಳೆಯುವ ಅಡುಗೆಮನೆಯಲ್ಲೂ ನುಸಿ ಇರುತ್ತದೆ. ಅದು ಅಲ್ಲಿ ಹುಟ್ಟಿದ್ದಲ್ಲ, ಚೀಲದ ಜೊತೆ ಬಂದದ್ದು.

ನಿಮ್ಮ ಪತ್ರದಲ್ಲಿ ನನ್ನ ಗಮನ ಹೋಗಿದ್ದು "ಒಂದೂವರೆ ತಿಂಗಳಾದ ಮೇಲೆ" ಅನ್ನುವ ಮಾತಿಗೆ. ಉತ್ತರದ ಅರ್ಧ ಅದರಲ್ಲೇ ಇದೆ.

ಅಕ್ಕಿಯ ನುಸಿಗೆ ಮುಂದೆ ಸಣ್ಣ ಸೊಂಡಿಲು ಇರುತ್ತದೆ, ನೋಡಿರುತ್ತೀರಿ. ಹೆಣ್ಣು ನುಸಿ ಆ ಸೊಂಡಿಲಿನ ತುದಿಯಿಂದ ಕಾಳಿಗೆ ಒಂದು ತೂತು ಕೊರೆಯುತ್ತದೆ. ತೂತಿನೊಳಗೆ ಒಂದು ಮೊಟ್ಟೆ ಇಡುತ್ತದೆ. ಆಮೇಲೆ ಅಂಟಿನಂಥ ದ್ರವದಿಂದ ಬಾಯಿ ಮುಚ್ಚಿಬಿಡುತ್ತದೆ. ಹೊರಗಿನಿಂದ ನೋಡಿದರೆ ಅದು ಒಳ್ಳೆಯ ಅಕ್ಕಿಯೇ. ಮರಿಹುಳ ಒಳಗೇ ಹುಟ್ಟಿ, ಒಳಗೇ ತಿಂದು, ಒಳಗೇ ಕೋಶವಾಗಿ, ದೊಡ್ಡದಾದ ಮೇಲೆ ಕಾಳನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಬೆಚ್ಚಗಿನ ವಾತಾವರಣದಲ್ಲಿ ಇದಕ್ಕೆಲ್ಲ ಸುಮಾರು ಒಂದು ತಿಂಗಳು ಸಾಕು, ತಂಪಿದ್ದರೆ ಇನ್ನೂ ಜಾಸ್ತಿ ದಿನ ಬೇಕು. ಒಂದು ಹೆಣ್ಣು ತನ್ನ ಜೀವನದಲ್ಲಿ 300ರವರೆಗೂ ಮೊಟ್ಟೆ ಇಡಬಲ್ಲದು. ದೊಡ್ಡ ಹುಳ ತಿಂಗಳುಗಟ್ಟಲೆ ಬದುಕಿರುತ್ತದೆ.

ಈಗ ಲೆಕ್ಕ ಹಾಕಿ. ನೀವು ಬೇವಿನ ಎಲೆ ಹಾಕಿದ ದಿನ ಡಬ್ಬದಲ್ಲಿ ಒಂದೂ ನುಸಿ ಕಂಡಿರಲಿಕ್ಕಿಲ್ಲ. ಆದರೆ ಕೆಲವು ಕಾಳುಗಳೊಳಗೆ ಮೊಟ್ಟೆಯೋ ಮರಿಯೋ ಇತ್ತು. ಕಾಳಿನ ಗೋಡೆಯೊಳಗೆ ಮುಚ್ಚಿಕೊಂಡು ಕೂತಿರುವ ಮರಿಗೆ ಹೊರಗಿನ ಎಲೆಯ ವಾಸನೆ ಹಿಡಿಸಲಿ ಬಿಡಲಿ, ಅದು ಎಲ್ಲಿಗೂ ಹೋಗುವ ಹಾಗಿಲ್ಲ. ಅದಕ್ಕೆ ಕಾಲೂ ಇಲ್ಲ. ಒಂದು ತಿಂಗಳಾದ ಮೇಲೆ ಅವು ಹೊರಬಂದವು, ನಿಮ್ಮ ಕಣ್ಣಿಗೆ ಬಿದ್ದವು.

ಗಿಡಮೂಲಿಕೆಯ ವಾಸನೆಯ ಬಗ್ಗೆ ನನ್ನ ಅಭಿಪ್ರಾಯವೆಲ್ಲ ಇದರ ಮೇಲೆಯೇ ನಿಂತಿದೆ. ವಾಸನೆ ಅನ್ನುವುದು ಬೇಲಿ. ಹೊರಗಿನಿಂದ ಜಾಗ ಹುಡುಕಿಕೊಂಡು ಬರುವ ಹುಳವನ್ನು ಅದು ಸ್ವಲ್ಪ ಮಟ್ಟಿಗೆ ತಡೆಯಬಹುದು. ಆದರೆ ಮನೆಗಳಲ್ಲಿ ಬೀಳುವ ಹುಳದಲ್ಲಿ ಹೆಚ್ಚಿನವು ಬೇಲಿಯ ಒಳಗೇ ಇರುವಂಥವು.

ಹಾಗಾದರೆ ಲವಂಗ, ಬೇವು ಎಲ್ಲ ಸುಳ್ಳಾ? ಸುಳ್ಳಲ್ಲ. ಲವಂಗದ ಎಣ್ಣೆಯ ಬಹುಪಾಲು ಯುಜೆನಾಲ್ ಎಂಬ ವಸ್ತು. ನೀಲಗಿರಿ ಎಲೆಯಲ್ಲಿ ಸಿನಿಯೋಲ್ ಇದೆ. ನಿಂಬೆ ಮತ್ತು ಕಿತ್ತಳೆ ಸಿಪ್ಪೆಯಲ್ಲಿ ಲಿಮೊನೀನ್, ಬೆಳ್ಳುಳ್ಳಿಯಲ್ಲಿ ಗಂಧಕ ಸೇರಿದ ಘಾಟು ವಸ್ತುಗಳು ಇವೆ. ಇವು ಧಾನ್ಯದ ಹುಳಗಳನ್ನು ದೂರ ಓಡಿಸುತ್ತವೆ, ಜಾಸ್ತಿ ಪ್ರಮಾಣದಲ್ಲಿ ಕೊಂದೂಬಿಡುತ್ತವೆ ಅನ್ನುವುದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡ ವಿಷಯ. ಆದರೆ ಆ ಪ್ರಯೋಗ ಹೇಗೆ ಮಾಡುತ್ತಾರೆ ಅಂತ ತಿಳಿದರೆ ನಿಮ್ಮ ಡಬ್ಬದಲ್ಲಿ ಯಾಕೆ ಹಾಗಾಗಲಿಲ್ಲ ಅಂತ ಗೊತ್ತಾಗುತ್ತದೆ.

ಒಂದು ದುಂಡನೆಯ ಕಾಗದ ತೆಗೆದುಕೊಂಡು ಅರ್ಧಕ್ಕೆ ಎಣ್ಣೆ ಹಚ್ಚುತ್ತಾರೆ, ಅರ್ಧ ಹಾಗೇ ಬಿಡುತ್ತಾರೆ. ಮಧ್ಯದಲ್ಲಿ ಹುಳ ಬಿಟ್ಟು, ಕೆಲವು ಗಂಟೆ ಕಳೆದ ಮೇಲೆ ಯಾವ ಕಡೆ ಎಷ್ಟಿವೆ ಎಂದು ಎಣಿಸುತ್ತಾರೆ. ಹುಳ ಎಣ್ಣೆಯಿಲ್ಲದ ಕಡೆಗೆ ಸರಿಯುತ್ತದೆ. ಸರಿ, ಅಲ್ಲಿ ಸರಿಯಲು ಜಾಗ ಇತ್ತು. ನಿಮ್ಮ ಹಿಟ್ಟಿನ ಡಬ್ಬದಲ್ಲಿ ಹುಳಕ್ಕೆ ಬೇರೆ ಜಾಗ ಎಲ್ಲಿದೆ? ಸುತ್ತ ಊಟ, ಮೇಲೆ ಮುಚ್ಚಳ. ಒಂದು ಎಲೆಯ ವಾಸನೆಯನ್ನು ಅದು ಸಹಿಸಿಕೊಳ್ಳುತ್ತದೆ. ಇನ್ನೊಂದು ಬಗೆಯ ಪ್ರಯೋಗದಲ್ಲಿ ಗಾಜಿನ ಪಾತ್ರೆಯನ್ನು ಗಾಳಿಯಾಡದಂತೆ ಮುಚ್ಚಿ, ಗಿಡದಿಂದ ಬಟ್ಟಿ ಇಳಿಸಿದ ಎಣ್ಣೆಯ ಹನಿಗಳನ್ನು ಒಳಗೆ ಆವಿಯಾಗಲು ಬಿಡುತ್ತಾರೆ. ಒಣಗಿದ ನಾಲ್ಕು ಎಲೆಯಿಂದ ಅಷ್ಟು ಆವಿ ಬರುವುದಿಲ್ಲ. ಜೊತೆಗೆ, ಪಾತ್ರೆ ಖಾಲಿ ಇದ್ದಾಗ ಹುಳ ಕೊಲ್ಲುವ ಪ್ರಮಾಣ, ಅದೇ ಪಾತ್ರೆಯಲ್ಲಿ ಧಾನ್ಯ ತುಂಬಿದಾಗ ಸಾಲುವುದಿಲ್ಲ. ಯಾಕೆಂದರೆ ಧಾನ್ಯವೇ ಆ ಆವಿಯನ್ನು ಹೀರಿಕೊಳ್ಳುತ್ತದೆ. ನೀವಂತೂ ದಿನಾ ಮುಚ್ಚಳ ತೆಗೆಯುತ್ತೀರಿ. ಹೊರಗೆ ಬಂದ ಘಮಘಮ ನಿಮ್ಮ ಮೂಗಿಗೆ ಹಿತ. ಅಷ್ಟು ವಾಸನೆ ಡಬ್ಬದಿಂದ ಖಾಲಿಯಾಯಿತು ಅಂತಲೇ ಅದರ ಅರ್ಥ.

ಬೇವಿನ ಕಥೆ ಬೇರೆ. ಬೇವಿನಲ್ಲಿ ಹುಳಕ್ಕೆ ತೊಂದರೆ ಕೊಡುವ ಮುಖ್ಯ ವಸ್ತು ಅಜಾಡಿರಕ್ಟಿನ್. ಅದು ಗಾಳಿಯಲ್ಲಿ ಹರಡುವ ವಾಸನೆಯೇ ಅಲ್ಲ. ಹುಳ ಅದನ್ನು ತಿನ್ನಬೇಕು, ಇಲ್ಲವೇ ಮೈಗೆ ತಾಗಬೇಕು. ಆಗ ಹುಳದ ಹಸಿವು ಕೆಡುತ್ತದೆ, ಪೊರೆ ಬಿಡುವುದು ನಿಲ್ಲುತ್ತದೆ. ಆ ವಸ್ತು ಜಾಸ್ತಿ ಇರುವುದು ಬೇವಿನ ಬೀಜದಲ್ಲಿ, ಎಲೆಯಲ್ಲಿ ಕಡಿಮೆ. ಬಿತ್ತನೆಗೆ ಇಡುವ ಬೀಜಕ್ಕೆ ಬೇವಿನ ಬೀಜದ ಪುಡಿ ಬೆರೆಸುವುದು ಒಳ್ಳೆಯ ಪದ್ಧತಿ. ತಿನ್ನುವ ಅಕ್ಕಿಗೆ ಬೆರೆಸಿದರೆ ಕಹಿ. ಅಕ್ಕಿಯ ಮೇಲೆ ಇಟ್ಟ ಒಂದು ಹಿಡಿ ಎಲೆಯನ್ನು ನುಸಿ ತಿನ್ನುವುದೂ ಇಲ್ಲ, ಅದರಿಂದ ಸಾಯುವುದೂ ಇಲ್ಲ.

ಇನ್ನು ಪಲಾವ್ ಎಲೆ. ಈ ಹೆಸರಿನಲ್ಲಿ ಎರಡು ಬೇರೆ ಬೇರೆ ಮರಗಳ ಎಲೆ ಸಿಗುತ್ತದೆ. ಒಂದು ದಾಲ್ಚಿನ್ನಿಯ ಬಳಗದ್ದು, ಉದ್ದಕ್ಕೆ ಮೂರು ನರ ಎದ್ದು ಕಾಣುತ್ತವೆ. ಇನ್ನೊಂದು ಲಾರೆಲ್ ಮರದ್ದು, ನಡುವೆ ಒಂದೇ ದಪ್ಪ ನರ. ಅದರಲ್ಲಿ ಸಿನಿಯೋಲ್ ಜಾಸ್ತಿ. ಎರಡೂ ಒಣಗಿ ಪೊಟ್ಟಣದಲ್ಲಿ ತಿಂಗಳುಗಟ್ಟಲೆ ಕೂತ ಮೇಲೆ ನಿಮ್ಮ ಕೈಗೆ ಬರುತ್ತವೆ. ಹಿಟ್ಟಿನ ಕೆಂಪು ದುಂಬಿಗೆ ಅದರ ಹಳಸಿದ ವಾಸನೆ ಅಡ್ಡಿಯೇ ಅಲ್ಲ.

ಒಣಮೆಣಸಿನಕಾಯಿಯ ವಿಷಯ ನಿಮಗೆ ಆಶ್ಚರ್ಯ ತಂದಿದೆ, ನನಗೆ ಅದು ಬಹಳ ಇಷ್ಟದ ವಿಷಯ. ಘಾಟು, ಖಾರ ಕಂಡರೆ ಎಲ್ಲ ಹುಳ ಓಡುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಸಿಗರೇಟ್ ದುಂಬಿ, ಔಷಧ ಅಂಗಡಿ ದುಂಬಿ ಅಂತ ಎರಡು ಸಣ್ಣ ಕಂದು ಹುಳಗಳಿವೆ. ಮೆಣಸಿನಕಾಯಿ, ಅರಿಶಿನ, ಕೊತ್ತಂಬರಿ ಬೀಜ, ಒಣಗಿಸಿದ ಔಷಧಿ ಎಲೆಗಳು ಇವುಗಳ ಊಟ. ಮೊದಲನೆಯದು ಹೊಗೆಸೊಪ್ಪನ್ನೂ ತಿಂದು ಬದುಕುತ್ತದೆ. ಹೊಗೆಸೊಪ್ಪಿನ ನಿಕೋಟಿನ್ ಅನ್ನು ಒಂದು ಕಾಲದಲ್ಲಿ ಹೊಲಗಳಲ್ಲಿ ಕೀಟನಾಶಕವಾಗಿ ಸಿಂಪಡಿಸುತ್ತಿದ್ದರು ಅನ್ನುವುದನ್ನು ನೆನಪಿಸಿಕೊಳ್ಳಿ! ಈ ಹುಳಗಳ ಹೊಟ್ಟೆಯಲ್ಲಿ ಯೀಸ್ಟ್‌ನಂಥ ಸೂಕ್ಷ್ಮಜೀವಿಗಳು ಮನೆಮಾಡಿವೆ. ಅವು ಹುಳಕ್ಕೆ ವಿಟಮಿನ್ ಒದಗಿಸುತ್ತವೆ, ಗಿಡದ ವಿಷವನ್ನು ಕರಗಿಸಲೂ ನೆರವಾಗುತ್ತವೆ. ಅಂದರೆ ನೀವು ಕಾವಲಿಗೆ ಇಟ್ಟ ಮೆಣಸಿನಕಾಯಿಯ ಜೊತೆಗೇ ಹೊಸ ಹುಳ ಡಬ್ಬದೊಳಗೆ ಬಂದಿರಬಹುದು. ಮಸಾಲೆ ಸಾಮಾನನ್ನು ಧಾನ್ಯದೊಳಗೆ ಹಾಕಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಎಣ್ಣೆ ಹಚ್ಚುವ ಯೋಚನೆಯನ್ನು ದಯವಿಟ್ಟು ಬಿಡಿ. ನಿಮ್ಮ ಇಡೀ ಪತ್ರದಲ್ಲಿ ನನಗೆ ಆತಂಕ ತಂದದ್ದು ಅದೊಂದೇ. "ನೈಸರ್ಗಿಕ" ಅಂದ ಕೂಡಲೇ ನಿರಪಾಯ ಅಂತ ಅಲ್ಲ. ಬಾಟಲಿಯಲ್ಲಿ ಬರುವ ಲವಂಗದ ಎಣ್ಣೆ, ನೀಲಗಿರಿ ಎಣ್ಣೆ ಬಹಳ ಗಟ್ಟಿ. ಚಿಕ್ಕ ಮಗು ಒಂದೆರಡು ಚಮಚ ಕುಡಿದರೂ ಆಸ್ಪತ್ರೆಗೆ ಓಡಬೇಕಾಗುತ್ತದೆ. ಲವಂಗದ ಎಣ್ಣೆ ಹೊಟ್ಟೆಗೆ ಹೋಗಿ ಮಕ್ಕಳ ಲಿವರ್‌ಗೆ ಏಟು ಬಿದ್ದದ್ದಿದೆ. ನೀಲಗಿರಿ ಎಣ್ಣೆ ಮತ್ತು ಕರ್ಪೂರದಿಂದ ಫಿಟ್ಸ್ ಬರಬಹುದು. ಬೆಕ್ಕು ಸಾಕಿದ್ದರೆ ಇನ್ನೂ ಎಚ್ಚರ, ಅದರ ದೇಹಕ್ಕೆ ಇಂಥ ಎಣ್ಣೆಗಳನ್ನು ಅರಗಿಸುವ ಶಕ್ತಿ ತುಂಬಾ ಕಡಿಮೆ. ಸಾಲದ್ದಕ್ಕೆ, ಹುಳ ಸಾಯುವಷ್ಟು ಎಣ್ಣೆ ಹಾಕಿದರೆ ಅಕ್ಕಿಗೆ ಆ ವಾಸನೆ ಹತ್ತುತ್ತದೆ, ತೊಳೆದರೂ ಪೂರ್ತಿ ಹೋಗುವುದಿಲ್ಲ.

ಬಜೆ ಬೇರಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಯಾರಾದರೂ ನಿಮಗೆ ಅದನ್ನು ಸೂಚಿಸಿಯೇ ಸೂಚಿಸುತ್ತಾರೆ. ಅದು ನಿಜವಾಗಿ ಕೆಲಸ ಮಾಡುತ್ತದೆ. ಅದರಲ್ಲಿರುವ ಬೀಟಾ ಅಸರೋನ್ ಹುಳಗಳ ಸಂತಾನವನ್ನೇ ನಿಲ್ಲಿಸಬಲ್ಲದು. ಆದರೆ ಅದೇ ವಸ್ತು ಪ್ರಯೋಗದ ಇಲಿಗಳಲ್ಲಿ ಗಡ್ಡೆ ತಂದಿದ್ದರಿಂದ ಅಮೆರಿಕದಲ್ಲಿ 1968ರಲ್ಲಿ ಬಜೆಯನ್ನು ಆಹಾರಕ್ಕೆ ಸೇರಿಸುವುದನ್ನು ನಿಷೇಧಿಸಿದರು. ಬಿತ್ತನೆ ಬೀಜಕ್ಕೆ ಸರಿ, ಊಟದ ಧಾನ್ಯದಲ್ಲಿ ಬಜೆ ಪುಡಿ ಬೇಡ.

ನುಸಿಗುಳಿಗೆಯನ್ನು ಧಾನ್ಯದ ಹತ್ತಿರ ಇಡಬಾರದು. ಬೋರಿಕ್ ಪುಡಿಯನ್ನು ಅಕ್ಕಿಗೆ ಕಲಸಬಾರದು. ಗೋದಾಮುಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮನೆಯೊಳಗೆ ತರಲೇಬಾರದು. ಗಾಳಿಯ ತೇವ ತಾಗಿದರೆ ಅದರಿಂದ ಫಾಸ್ಫೀನ್ ಅನಿಲ ಹೊರಡುತ್ತದೆ. ಅದಕ್ಕೆ ಮದ್ದಿಲ್ಲ. ಮಲಗಿದ್ದ ಮನೆಮಂದಿಯೆಲ್ಲ ಏಳದೇ ಹೋದದ್ದುಂಟು.

ಈಗ ನಿಮ್ಮ ಅಡುಗೆಮನೆಗೆ ಬರೋಣ. ಒಳಗಿರುವ ಹುಳಕ್ಕೆ ವಾಸನೆ ಮುಟ್ಟುವುದಿಲ್ಲ ಅಂದೆ. ಹಾಗಾದರೆ ಏನು ಮುಟ್ಟುತ್ತದೆ? ಚಳಿ, ಬಿಸಿ, ಇಲ್ಲವೇ ಉಸಿರು ಕಟ್ಟುವುದು. ಕಾಳಿನ ಗೋಡೆ ಇವು ಮೂರನ್ನೂ ತಡೆಯಲಾರದು.

ನನ್ನ ಮೊದಲ ಆಯ್ಕೆ ಫ್ರೀಜರ್. ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಟ್ಟರೆ ಮೊಟ್ಟೆ, ಮರಿ, ದೊಡ್ಡ ಹುಳ ಎಲ್ಲ ಸಾಯುತ್ತವೆ. ಆದರೆ ಧಾನ್ಯದ ನಡುಭಾಗ ತಣ್ಣಗಾಗಲು ತುಂಬಾ ಹೊತ್ತು ಹಿಡಿಯುತ್ತದೆ. ಹತ್ತು ಕೆಜಿ ಚೀಲವನ್ನು ಹಾಗೇ ತುರುಕಿದರೆ ಪ್ರಯೋಜನವಿಲ್ಲ. ಒಂದೆರಡು ಕೆಜಿಯ ಪೊಟ್ಟಣ ಮಾಡಿ, ಒಂದು ವಾರ ಬಿಡಿ. ಹೊರತೆಗೆದ ಮೇಲೆ ಪೂರ್ತಿ ಬೆಚ್ಚಗಾಗುವವರೆಗೂ ಪೊಟ್ಟಣ ಬಿಚ್ಚಬೇಡಿ. ತಣ್ಣಗಿರುವಾಗ ಬಿಚ್ಚಿದರೆ ಗಾಳಿಯ ನೀರು ಕಾಳಿನ ಮೇಲೆ ಕೂತು ಬೂಸಲು ಹಿಡಿಯುತ್ತದೆ. ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಹುಳ ಬೇಗ ಸಾಯುವುದಿಲ್ಲ, ಸುಮ್ನೆ ಮಂಕಾಗಿ ಕೂರುತ್ತದೆ. ಆದರೆ ಬೆಳೆಯುವುದೂ ಇಲ್ಲ. ಹಿಟ್ಟನ್ನು ಅಲ್ಲೇ ಇಟ್ಟುಕೊಂಡರೆ ಹುಳದ ಚಿಂತೆ ಇಲ್ಲ.

ಬಿಸಿಯೂ ಅಷ್ಟೇ ಒಳ್ಳೆಯದು. ಕಾಳನ್ನು ತೆಳ್ಳಗೆ ಹರಡಿ, ಕಾಳಿಗೇ 60 ಡಿಗ್ರಿ ಬಿಸಿ ತಾಗಿ ಒಂದು ಗಂಟೆ ನಿಂತರೆ ಒಳಗಿನದೂ ಸಾಯುತ್ತದೆ. ಓವನ್ ಇದ್ದವರಿಗೆ ಇದು ಸುಲಭ. ಬಿತ್ತುವ ಬೀಜಕ್ಕೆ ಮಾತ್ರ ಇದನ್ನು ಮಾಡಬೇಡಿ, ಮೊಳಕೆ ಹೋಗುತ್ತದೆ. ಬಿಸಿಲಿಗೆ ಹರಡುವುದು ಒಳ್ಳೆಯದೇ, ಆದರೆ ಅಲ್ಲಿ ಏನಾಗುತ್ತದೆ ಅಂತ ತಿಳಿದಿರಲಿ. ದೊಡ್ಡ ನುಸಿಗಳು ಬಿಸಿಗೆ ಹೆದರಿ ಓಡಿಹೋಗುತ್ತವೆ, ಕಾಳಿನ ತೇವ ಇಳಿಯುತ್ತದೆ. ಕಾಳಿನೊಳಗಿನ ಮರಿ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. "ಬಿಸಿಲಿಗೆ ಹಾಕಿದ್ದೆ, ಆದರೂ ಮತ್ತೆ ಬಂತು" ಅನ್ನುವವರಿಗೆ ಆಗಿದ್ದು ಇದೇ. ಕಪ್ಪು ಹಾಳೆಯ ಮೇಲೆ ತೆಳ್ಳಗೆ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚು ಭದ್ರ ಮಾಡಿದರೆ ಬಿಸಿ ತುಂಬಾ ಏರುತ್ತದೆ. ಕಡು ಬಿಸಿಲಿನ ದಿನ ಅದು ಒಳಗಿನವನ್ನೂ ಕೊಲ್ಲುತ್ತದೆ.

ಮೂರನೆಯದು ಉಸಿರು ಕಟ್ಟಿಸುವುದು. ದೊಡ್ಡ ಪ್ರಮಾಣದಲ್ಲಿ ಇಡುವವರಿಗೆ ನಾನು ಇದನ್ನೇ ಹೇಳುವುದು. ಗಾಳಿಯಾಡದ ಡಬ್ಬಕ್ಕೆ ಒಣಗಿದ ಕಾಳನ್ನು ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಿದರೆ, ಒಳಗಿನ ಹುಳಗಳೇ ಉಸಿರಾಡಿ ಆಮ್ಲಜನಕ ಮುಗಿಸುತ್ತವೆ. ಆಮೇಲೆ ತಿನ್ನುವುದು ನಿಲ್ಲಿಸುತ್ತವೆ, ಒಣಗಿ ಸಾಯುತ್ತವೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕಾದ ಕ್ಯಾಮರೂನಿನಲ್ಲಿ ಅಲಸಂದೆ ಬೆಳೆಯುವ ರೈತರ ಜೊತೆ ಕೆಲಸ ಮಾಡಿ ರೂಪಿಸಿದ ಮೂರು ಪದರದ ಚೀಲ ಈ ಉಪಾಯದ ಮೇಲೆಯೇ ನಿಂತಿದೆ. ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಚೀಲ, ಹೊರಗೆ ನೇಯ್ದ ಚೀಲ, ಅಷ್ಟೇ. ಯಾವ ಔಷಧಿಯೂ ಇಲ್ಲ. ಒಂದೇ ಷರತ್ತು, ಮುಚ್ಚಿದ ಮೇಲೆ ಕೆಲವು ವಾರ ಬಿಚ್ಚಬಾರದು. ದಿನಾ ಬಿಚ್ಚುವ ಡಬ್ಬದಲ್ಲಿ ಇದು ನಡೆಯುವುದಿಲ್ಲ. ಹಾಗಾಗಿ ಒಂದು ದೊಡ್ಡ ಡಬ್ಬದ ಬದಲು ನಾಲ್ಕು ಚಿಕ್ಕ ಡಬ್ಬ ಮಾಡಿಕೊಳ್ಳಿ. ಒಂದು ಬಳಕೆಗೆ, ಮೂರು ಮುಚ್ಚಿಯೇ ಇರಲಿ.

ಕಾಳಿಗೆ ಇನ್ನೊಂದು ಉಪಾಯ ಇದೆ, ಬಹಳ ಚೆಂದದ್ದು. ಕಾಳಿನ ದುಂಬಿ ನುಸಿಯ ಹಾಗೆ ಒಳಗೆ ಮೊಟ್ಟೆ ಇಡುವುದಿಲ್ಲ, ಕಾಳಿನ ಸಿಪ್ಪೆಯ ಮೇಲೆ ಅಂಟಿಸುತ್ತದೆ. ಬಿಳಿ ಚುಕ್ಕೆಗಳು ಕಾಣುತ್ತವಲ್ಲ, ಅವೇ. ಒಂದು ಕೆಜಿ ಕಾಳಿಗೆ ಒಂದು ಟೀ ಚಮಚ, ಅಂದರೆ ಸುಮಾರು 5 ಮಿಲಿಲೀಟರ್ ಅಡುಗೆ ಎಣ್ಣೆ ಹಾಕಿ ಎಲ್ಲ ಕಾಳಿಗೂ ತಾಗುವಂತೆ ಚೆನ್ನಾಗಿ ಉಜ್ಜಿದರೆ ಆ ಮೊಟ್ಟೆಗೆ ಉಸಿರು ಕಟ್ಟುತ್ತದೆ. ಇದು ತಿನ್ನುವ ಎಣ್ಣೆಯೇ, ಮಕ್ಕಳಿಗೂ ಭಯವಿಲ್ಲ. ಆಗಲೇ ಒಳಗೆ ಹೊಕ್ಕ ಮರಿಗೆ ಮಾತ್ರ ಇದು ಅಷ್ಟಾಗಿ ತಾಗುವುದಿಲ್ಲ. ಆದ್ದರಿಂದ ಮೊದಲು ಫ್ರೀಜರ್, ಆಮೇಲೆ ಎಣ್ಣೆ. ಒಡೆದ ಬೇಳೆಗೆ ಈ ದುಂಬಿಯ ಕಾಟ ಕಡಿಮೆ, ಅದಕ್ಕೆ ಇಡೀ ಕಾಳೇ ಬೇಕು.

ಎಲೆ, ಸಿಪ್ಪೆ ಬಳಸಲೇಬೇಕು ಅನಿಸಿದರೆ ಬಳಸಿ, ಬೇಡ ಅನ್ನುವುದಿಲ್ಲ. ಆದರೆ ಡಬ್ಬದ ಹೊರಗೆ, ಕಪಾಟಿನಲ್ಲಿ. ಲವಂಗ ಅಥವಾ ನೀಲಗಿರಿ ಎಲೆಯನ್ನು ಸ್ವಲ್ಪ ಜಜ್ಜಿ, ತೆಳು ಬಟ್ಟೆಯಲ್ಲಿ ಕಟ್ಟಿ, ಮಕ್ಕಳ ಕೈಗೆ ಎಟುಕದ ಮೂಲೆಗಳಲ್ಲಿ ಇಡಿ. ಮೂರು ನಾಲ್ಕು ವಾರಕ್ಕೊಮ್ಮೆ ಬದಲಿಸಿ. ಹಾರಿಬರುವ ಪತಂಗ, ಸಂದಿನಲ್ಲಿ ಅಲೆಯುವ ದುಂಬಿ ಇವುಗಳಿಗೆ ಸ್ವಲ್ಪ ತಡೆ ಆಗುತ್ತದೆ. ಹಸಿ ಎಲೆಯನ್ನು ಧಾನ್ಯದೊಳಗೆ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು. ಅದರ ತೇವ ಧಾನ್ಯಕ್ಕೆ ಇಳಿಯುತ್ತದೆ, ಹುಳಕ್ಕೂ ಬೂಸಲಿಗೂ ಬೇಕಾದ್ದು ಆ ತೇವವೇ. ಇನ್ನೊಂದು ವಿಷಯವನ್ನು ಜನ ಗಮನಿಸುವುದಿಲ್ಲ. ಹುಳ ಬಿದ್ದ, ಮುಚ್ಚಳ ಸಡಿಲವಿರುವ ಡಬ್ಬಕ್ಕೆ ಘಾಟು ವಸ್ತು ಹಾಕಿದರೆ ಅವು ಸಾಯುವುದಿಲ್ಲ, ಪಕ್ಕದ ಡಬ್ಬಕ್ಕೆ ಹೋಗುತ್ತವೆ. "ಅಕ್ಕಿಯಲ್ಲಿ ಕಡಿಮೆಯಾಯಿತು, ಗೋಧಿಯಲ್ಲಿ ಶುರುವಾಯಿತು" ಅನ್ನುವ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ಮಕ್ಕಳಿಗೆ ಕೊಡಬಹುದಾ ಅಂತ ಕೇಳಿದಿರಿ. ಅಕ್ಕಿಯನ್ನು ಜರಡಿ ಹಿಡಿದು, ಕೇರಿ, ಎರಡು ಮೂರು ನೀರಿನಲ್ಲಿ ತೊಳೆದು ತೇಲುವುದನ್ನು ಚೆಲ್ಲಿ ಬೇಯಿಸಿದರೆ ತೊಂದರೆ ಇಲ್ಲ. ನುಸಿ ವಿಷವಲ್ಲ. ಯಾರಿಗಾದರೂ ಆಸ್ತಮಾ ಇದ್ದರೆ ಆ ಧೂಳಿನಿಂದ ಉಬ್ಬಸ ಬರಬಹುದು, ಅವರು ಕೇರುವ ಕಡೆ ನಿಲ್ಲದಿರಲಿ. ಹಿಟ್ಟಿನ ಮಾತೇ ಬೇರೆ. ಕೆಂಪು ದುಂಬಿಗಳು ಜಾಸ್ತಿಯಾದಾಗ ಕ್ವಿನೋನ್ ಎಂಬ ಘಾಟು ರಾಸಾಯನಿಕ ಬಿಡುತ್ತವೆ. ಹಿಟ್ಟು ನಸುಗೆಂಪಾಗುತ್ತದೆ, ಮೂಗಿಗೆ ಒಂಥರಾ ವಾಸನೆ ಹೊಡೆಯುತ್ತದೆ. ಜರಡಿ ಹಿಡಿದರೆ ಹುಳ ಹೋದೀತು, ಅದು ಹೋಗುವುದಿಲ್ಲ. ಆ ಹಿಟ್ಟನ್ನು ಎಸೆದುಬಿಡಿ, ಮನಸ್ಸು ಗಟ್ಟಿಮಾಡಿ. ಬೂಸಲು ವಾಸನೆ ಇರುವ ಕಾಳು, ಗಂಟುಗಟ್ಟಿದ ಕಾಳನ್ನೂ ಅಷ್ಟೇ. ಬೂಸಲಿನ ಕೆಲವು ವಿಷ ಬೇಯಿಸಿದರೂ ಹೋಗುವುದಿಲ್ಲ.

ನಾಳೆ ಶುರುಮಾಡುವುದಾದರೆ ಹೀಗೆ ಮಾಡಿ. ಕಪಾಟಿನಲ್ಲಿರುವುದನ್ನೆಲ್ಲ ಹೊರಗೆ ತೆಗೆಯಿರಿ. ಹುಳ ಕಂಡ ಡಬ್ಬದಲ್ಲಿ ಹುಡುಕಿದರೆ ಸಾಲದು. ನಾನು ನೋಡಿದ ಮನೆಗಳಲ್ಲಿ ಮೂಲ ಸಿಕ್ಕಿದ್ದು ಹೆಚ್ಚಾಗಿ ಯಾರೂ ನೆನಪಿಟ್ಟುಕೊಳ್ಳದ ಪೊಟ್ಟಣದಲ್ಲಿ: ಸಾಕುಪ್ರಾಣಿಯ ತಿಂಡಿ, ಹಕ್ಕಿಗೆ ಹಾಕುವ ಕಾಳು, ವರ್ಷದ ಹಿಂದೆ ಕಟ್ಟಿಟ್ಟ ಒಣಹಣ್ಣು. ಹಲಗೆಯ ಸಂದು, ಮೊಳೆಯ ತೂತುಗಳಲ್ಲಿ ಕೂತ ಹಿಟ್ಟನ್ನು ವ್ಯಾಕ್ಯೂಮ್‌ನಿಂದಲೋ ಗಟ್ಟಿ ಬ್ರಷ್‌ನಿಂದಲೋ ತೆಗೆಯಿರಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಪೂರ್ತಿ ಒಣಗಿಸಿ. ಹೊಸ ಸಾಮಾನನ್ನು ಹಳೆಯ ಡಬ್ಬದ ಉಳಿಕೆಯ ಮೇಲೆ ಸುರಿಯಬೇಡಿ. ಹಳೆಯದರಲ್ಲಿ ನಾಲ್ಕು ಮೊಟ್ಟೆ ಇದ್ದರೂ ಸಾಕು.

ನಾಲ್ಕು ತಿಂಗಳ ಸಾಮಾನು ಅಂದರೆ ನುಸಿಗೆ ಮೂರು ನಾಲ್ಕು ತಲೆಮಾರಿನ ಕಾಲ. ಸಾಧ್ಯವಾದರೆ ಒಂದು ತಿಂಗಳಿನಷ್ಟೇ ತನ್ನಿ. ಒಟ್ಟಿಗೇ ತರಬೇಕೆಂದರೆ, ಬಂದ ವಾರವೇ ಸರದಿಯ ಮೇಲೆ ಫ್ರೀಜರ್‌ಗೆ ಹಾಕಿ, ಆಮೇಲೆ ಚಿಕ್ಕ ಡಬ್ಬಗಳಿಗೆ ತುಂಬಿ. ಅದರಲ್ಲಿ ಒಂದಾದರೂ ಗಾಜಿನದ್ದಿರಲಿ. ಆರು ವಾರ ಕಳೆದ ಮೇಲೆ ಅದರ ತಳ ನೋಡಿ. ಅಕ್ಕಿಯ ಕೆಳಗೆ ಬಿಳಿ ಪುಡಿ ಕೂತಿದ್ದರೆ ಒಳಗಿನವು ಸತ್ತಿಲ್ಲ, ಮತ್ತೊಂದು ವಾರ ಫ್ರೀಜರ್‌ನಲ್ಲಿ ಇಡಿ. ತಳ ಚೊಕ್ಕಟವಾಗಿದ್ದರೆ ಉಳಿದ ಡಬ್ಬಗಳನ್ನು ಬಿಚ್ಚಿ ನೋಡಲು ಹೋಗಬೇಡಿ, ಮುಚ್ಚಿಯೇ ಇರಲಿ.